ಔಷಧಿ ಮೂಲಿಕೆಗಳ ಪೈರಿಗೆ ಭೂಮಿಯ ಹದ: ಹುಬ್ಬಳ್ಳಿ–ಧಾರವಾಡ ಸೀಮೆಯ ಎರೆ ಮತ್ತು ಮಸಾರಿ ಹೊಲಗಳ ವಿಚಾರ

ಔಷಧಿ ಮೂಲಿಕೆಗಳನ್ನು ಹೊಲದಲ್ಲಿ ಪೈರಾಗಿ ಬೆಳೆಯಲು ಮನಸ್ಸು ಮಾಡುವ ಹಿಡುವಳಿದಾರರು ಬಿತ್ತನೆಗೆ ಮೊದಲು ಬೆಲೆಯನ್ನು ವಿಚಾರಿಸುವರು, ಬೀಜವನ್ನು ವಿಚಾರಿಸುವರು. ತಮ್ಮ ಭೂಮಿಯಲ್ಲಿ ತೇವವು ಎಷ್ಟು ಆಳದಲ್ಲಿ, ಎಷ್ಟು ದಿನ ನಿಲ್ಲುವುದೆಂಬುದನ್ನು ವಿಚಾರಿಸುವವರು ವಿರಳ. ಆದರೆ ಪೈರು ಬದುಕುವುದೂ, ಬಂದ ಬೇರು ಪೇಟೆಯಲ್ಲಿ ಬೆಲೆಗೆ ಸಲ್ಲುವುದೂ ಈ ಮೂರನೆಯ ಸಂಗತಿಯನ್ನೇ ಹೆಚ್ಚಾಗಿ ಅವಲಂಬಿಸಿವೆ.

ಜೋಳ, ಗೋವಿನಜೋಳ, ಶೇಂಗಾ ಮುಂತಾದ ಪೈರುಗಳಲ್ಲಿ ಗಿಡವು ಸೊಂಪಾಗಿ ಬೆಳೆದು ಕಾಳು ಕಟ್ಟಿದರೆ ಒಕ್ಕಲಿಗನ ಶ್ರಮವು ಸಾರ್ಥಕವಾಯಿತೆಂದೇ ತಿಳಿಯಬಹುದು. ಮೂಲಿಕೆಗಳ ವಿಷಯವು ಹಾಗಲ್ಲ. ಇವನ್ನು ತೂಕದಿಂದಲೇ ಮಾರುವರಾದರೂ ಕೊಳ್ಳುವವನು ಬಯಸುವುದು ಬೇರು, ಎಲೆ ಅಥವಾ ಗಡ್ಡೆಯೊಳಗೆ ಅಡಗಿರುವ ಔಷಧಾಂಶವನ್ನು. ಈ ಅಂಶವು ನೂರು ಪಾಲು ಬೇರಿನಲ್ಲಿ ಅರ್ಧ ಪಾಲಿಗಿಂತಲೂ ಕಡಿಮೆಯಾಗಿರುವುದು ಸಾಮಾನ್ಯ. ಅದು ಹೆಚ್ಚುವುದಕ್ಕೂ ಗಿಡವು ಹಸುರಾಗಿ ಎತ್ತರಕ್ಕೆ ಬೆಳೆಯುವುದಕ್ಕೂ ನೇರವಾದ ಸಂಬಂಧವಿಲ್ಲ. ಎಷ್ಟೋ ಸಲ ಇವೆರಡೂ ಪರಸ್ಪರ ವಿರುದ್ಧವಾಗಿಯೇ ನಡೆಯುವುವು. ಮೆಣಸಿನ ತೋಟಕ್ಕೆ ನೀರು ಹಾಯಿಸಿದಂತೆ ಅಶ್ವಗಂಧಕ್ಕೂ ನೀರು ಹಾಯಿಸಿ, ಎದೆಯುದ್ದ ಗಿಡವನ್ನು ನೋಡಿ ಸಂತೋಷಪಟ್ಟವನು ಕೀಳುವ ಕಾಲದಲ್ಲಿ ಕವಲೊಡೆದ, ನಾರುಗಟ್ಟಿದ ಬೇರನ್ನು ಕಂಡು ವ್ಯಸನಪಡುವನು.

ಎರಡು ಬಗೆಯ ಮಣ್ಣು, ಎರಡು ಬಗೆಯ ತೇವ

ಹುಬ್ಬಳ್ಳಿ–ಧಾರವಾಡ ಸೀಮೆಯು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸೆರಗಿನಲ್ಲಿದೆ. ಪಶ್ಚಿಮದಲ್ಲಿ ಕಲಘಟಗಿ, ಅಳ್ನಾವರಗಳ ಕಡೆ ಮಳೆ ಹೆಚ್ಚು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಕಡೆ ಸರಿದಂತೆ ಕಡಿಮೆ. ಧಾರವಾಡದಲ್ಲಿ ವರ್ಷದ ಸರಾಸರಿ ಮಳೆಯು ಸುಮಾರು 30 ಅಂಗುಲ. ಒಂದು ಎಕರೆ ಹೊಲದ ಮೇಲೆ ಒಂದು ಅಂಗುಲ ಮಳೆಯಾಯಿತೆಂದರೆ ಒಂದು ಲಕ್ಷ ಲೀಟರಿಗೂ ಮಿಕ್ಕ ನೀರು ಬಿದ್ದಂತಾಯಿತು. ಈ ನೀರಿನಲ್ಲಿ ಎಷ್ಟು ಬೇರಿಗೆ ದಕ್ಕುವುದು, ಎಷ್ಟು ಹರಿದುಹೋಗುವುದು, ಎಷ್ಟು ನಿಂತು ಕೆಡಿಸುವುದು ಎಂಬುದನ್ನು ತೀರ್ಮಾನಿಸುವುದು ಮಣ್ಣು.

ಎರೆಮಣ್ಣಿನಲ್ಲಿ ಜೇಡಿಯಂಶ ಅಧಿಕ. ಅದರ ಒಂದು ಅಡಿ ಆಳವು ಗಿಡಕ್ಕೆ ದೊರೆಯತಕ್ಕ ನೀರನ್ನು ಸುಮಾರು 2 ಅಂಗುಲದಷ್ಟು ಹಿಡಿದಿಡಬಲ್ಲದು. ನಾಲ್ಕು ಅಡಿ ಆಳದ ಎರೆಯು ತುಂಬಿಕೊಂಡರೆ 8 ಅಂಗುಲ ನೀರಿನ ಉಗ್ರಾಣವೇ ಆಯಿತು. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ, ಕುಸುಬೆಗಳು ಮೇಲುಮಳೆಯಿಲ್ಲದೆಯೂ ಫಲಕ್ಕೆ ಬರುವುದು ಈ ಉಗ್ರಾಣದ ಬಲದಿಂದಲೇ. ಮರಳು ಬೆರೆತ ಮಸಾರಿಯಾದರೋ ಅಡಿಗೆ ಒಂದು ಅಂಗುಲ ಹಿಡಿದರೆ ಹೆಚ್ಚು. ಒಂದೂವರೆ ಅಡಿಯ ಕೆಳಗೆ ಗರಸು ಸಿಕ್ಕುವ ಹೊಲಗಳಲ್ಲಿ ಒಟ್ಟು ಸಂಗ್ರಹವು ಒಂದೂವರೆ ಅಂಗುಲವನ್ನು ಮೀರದು. ಬೆಳೆದ ಪೈರು ದಿನಕ್ಕೆ 4–5 ಮಿಲಿಮೀಟರು ನೀರನ್ನು ಕಳೆಯುವುದೆಂದು ಹಿಡಿದರೆ ಈ ಸಂಗ್ರಹವು ಎಂಟು–ಹತ್ತು ದಿನಗಳಿಗೆ ಸಾಲುವುದು. ಆ ಬಳಿಕ ಗಿಡವು ನೀರಿನ ಖರ್ಚನ್ನು ತಾನೇ ಇಳಿಸಿಕೊಂಡು ಕೆಲವು ದಿನ ತಾಳಿಕೊಳ್ಳುವುದು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸತಕ್ಕದ್ದು. ಎರೆಮಣ್ಣು ನೀರನ್ನು ಹಿಡಿಯುವಂತೆಯೇ ಬಿಡದೆ ಕಟ್ಟಿಕೊಳ್ಳುವ ಸ್ವಭಾವವುಳ್ಳದ್ದು. ಕೈಗೆ ತಂಪಾಗಿ ತೋರುವ ಎರೆಯಲ್ಲಿ ಗಿಡವು ಬಾಡಿ ನಿಲ್ಲುವುದುಂಟು. ತೂಕದಲ್ಲಿ ಶೇಕಡಾ 20 ತೇವವಿರುವ ಮರಳುಮಸಾರಿಯಲ್ಲಿ ಗಿಡಕ್ಕೆ ಯಥೇಚ್ಛವಾಗಿ ನೀರು ದೊರೆಯುವುದು. ಜೇಡಿ ಹೆಚ್ಚಾದ ಎರೆಯಲ್ಲಿ ಅದೇ ಶೇಕಡಾ 20 ತೇವವು ಬಾಡುವ ಹಂತಕ್ಕೆ ಸಮೀಪವಾದುದು. ಆದುದರಿಂದ ಒಬ್ಬರ ಹೊಲದ ನೀರಿನ ಲೆಕ್ಕವನ್ನು ನೋಡಿ ಇನ್ನೊಬ್ಬರು ಅನುಸರಿಸುವುದು, ಎರಡೂ ಹೊಲಗಳ ಮಣ್ಣು ಒಂದೇ ಆಗಿದ್ದ ಹೊರತು, ಹಾನಿಗೆ ದಾರಿ.

ತೇವ ಹೆಚ್ಚಾದಾಗ ಮತ್ತು ಕಡಿಮೆಯಾದಾಗ ಗಿಡದಲ್ಲಿ ನಡೆಯುವುದೇನು

ಬೇರು ಉಸಿರಾಡುವ ಅಂಗ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಅರ್ಧದಷ್ಟು ನೀರೂ ಅರ್ಧದಷ್ಟು ಗಾಳಿಯೂ ಇರುವುದು ಉತ್ತಮ ಸ್ಥಿತಿ. ಮಳೆ ಹಿಡಿದು ನೀರು ನಿಂತಾಗ ಗಾಳಿಯು ಹೊರದೂಡಲ್ಪಡುವುದು. ಬೇರಿನ ತುದಿಗಳು ಕೆಲವೇ ದಿನಗಳಲ್ಲಿ ಸಾಯುವುವು. ಸತ್ತ ತುದಿಗಳ ಮೂಲಕ ಕೊಳೆರೋಗದ ಬೂಷ್ಟು ಒಳಹೊಗುವುದು. ನೀರಿನಲ್ಲಿ ನಿಂತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುವುದನ್ನು ಕಂಡು, ನೀರು ಸಾಲದೆಂದು ಇನ್ನಷ್ಟು ಹಾಯಿಸುವವರೂ ಉಂಟು. ಅಂಥ ಸಂದರ್ಭದಲ್ಲಿ ಒಂದು ಗಿಡವನ್ನು ಅಗೆದು ಬೇರನ್ನು ಮೂಸಿ ನೋಡಿದರೆ ಸಂಶಯವು ತೀರುವುದು. ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಜಾರಿ, ಹುಳಿವಾಸನೆ ಬಂದರೆ ಅದು ನೀರು ಹೆಚ್ಚಾದುದರ ಗುರುತು.

ತೇವವು ಮಿತವಾಗಿ ಕಡಿಮೆಯಾದಾಗ ಬೇರೆಯೇ ಕಾರ್ಯ ನಡೆಯುವುದು. ಎಲೆಗಳ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುವುವು, ಬೆಳವಣಿಗೆಯು ಕುಂಠಿತವಾಗುವುದು. ಆದರೆ ಗಿಡವು ತಯಾರಿಸಿದ ಆಹಾರದಲ್ಲಿ ಒಂದು ಭಾಗವು ಎಲೆ, ಕಾಂಡಗಳಿಗೆ ವೆಚ್ಚವಾಗದೆ ಗಿಡವು ತನ್ನ ರಕ್ಷಣೆಗಾಗಿ ಉತ್ಪತ್ತಿಮಾಡುವ ಕಹಿ, ಒಗರು, ಘಾಟಿನ ಪದಾರ್ಥಗಳಿಗೆ ತಿರುಗುವುದು. ಮನುಷ್ಯನು ಔಷಧವೆಂದು ಬಳಸುವುದು ಬಹುಮಟ್ಟಿಗೆ ಈ ಪದಾರ್ಥಗಳನ್ನೇ. ನೀರಿನ ಕೊರತೆಯನ್ನು ಮಿತವಾಗಿ ಅನುಭವಿಸಿದ ಹಲವು ಮೂಲಿಕೆಗಳಲ್ಲಿ ಔಷಧಾಂಶದ ಪ್ರಮಾಣವು ಏರುವುದು ಈ ಕಾರಣದಿಂದಲೇ.

ಇದನ್ನು ಕೇಳಿ ಪೈರನ್ನು ಒಣಗಿಸಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಉದಾಹರಣೆಗೆ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಎಕರೆಯಲ್ಲಿ 200 ಕಿಲೋ ಒಣಬೇರು ಬಂದು ಅದರಲ್ಲಿ ಔಷಧಾಂಶವು ಶೇಕಡಾ 0.30 ಇದ್ದರೆ ಒಟ್ಟು ಔಷಧಾಂಶ 600 ಗ್ರಾಂ. ಬರದಿಂದ ಬೇರು 100 ಕಿಲೋಗೆ ಇಳಿದು ಔಷಧಾಂಶವು ಶೇಕಡಾ 0.45ಕ್ಕೆ ಏರಿದರೆ ಒಟ್ಟು 450 ಗ್ರಾಂ ಮಾತ್ರ. ಪ್ರಮಾಣವು ಏರಿತು, ಆದಾಯವು ಇಳಿಯಿತು. ಅಲ್ಲದೆ ಅತಿಯಾದ ಬರದಲ್ಲಿ ಬೇರು ದಾರದಂತೆ ಸಣ್ಣದಾಗಿ ಕೆಳದರ್ಜೆಗೆ ಸೇರುವುದು. ಆರಂಭದಲ್ಲಿ ಗಿಡವು ನೆಲೆಗೊಳ್ಳುವಷ್ಟು ತೇವ, ನಡುವೆ ಮಿತವಾದ ತೇವ, ಕೊನೆಯಲ್ಲಿ ಕ್ರಮವಾಗಿ ಒಣಗುವಿಕೆ, ಇದು ಬೇರಿಗಾಗಿ ಬೆಳೆಯುವ ಒಣಭೂಮಿಯ ಮೂಲಿಕೆಗಳಿಗೆ ಸಲ್ಲುವ ಕ್ರಮ.

ಹದವನ್ನು ಪರೀಕ್ಷಿಸುವ ಬಗೆ

ಮೇಲ್ಮಣ್ಣನ್ನು ನೋಡಿ ತೇವವನ್ನು ನಿರ್ಣಯಿಸುವುದು ಮೋಸ. ಹೊಲದ ಎತ್ತರದ ಕಡೆ, ನಡುವೆ, ತಗ್ಗಿನ ಕಡೆ ಹೀಗೆ ಮೂರು ಸ್ಥಳಗಳಲ್ಲಿ ಗುದ್ದಲಿಯಿಂದ ಅಗೆದು ಅರ್ಧ ಅಡಿ ಮತ್ತು ಒಂದು ಅಡಿ ಆಳದ ಮಣ್ಣನ್ನು ಹಿಡಿಯಷ್ಟು ತೆಗೆದು ಹಿಸುಕಬೇಕು. ಮಸಾರಿಯಾದರೆ, ಉಂಡೆಯು ಕಟ್ಟಿ ಅಂಗೈಗೆ ನೀರು ಹತ್ತಿದರೆ ತೇವ ಹೆಚ್ಚು. ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಟ್ಟಾಗ ಒಡೆದು ಚದರಿದರೆ ಹದ. ಉಂಡೆಯೇ ಕಟ್ಟದಿದ್ದರೆ ನೀರಿನ ಅಗತ್ಯವುಂಟು. ಎರೆಯಲ್ಲಿ ಉಂಡೆಯ ಪರೀಕ್ಷೆ ಸಾಲದು, ಏಕೆಂದರೆ ಗಿಡಕ್ಕೆ ನೀರು ದಕ್ಕದ ಸ್ಥಿತಿಯಲ್ಲಿಯೂ ಅದು ಉಂಡೆಗಟ್ಟುವುದು. ಎರೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯಬೇಕು. ಪಟ್ಟಿಯು ಹೊಳೆಯುತ್ತ ಬೆರಳಿಗೆ ಮೆತ್ತಿದರೆ ಅತಿತೇವ. ಮೆತ್ತದೆ ಉದ್ದಕ್ಕೆ ಬಂದರೆ ಹದ. ಸೀಳು ಬಿಟ್ಟು ಮುರಿದರೆ ತೇವವು ತೀರುತ್ತ ಬಂದಿದೆ.

ಲೆಕ್ಕವಾಗಿ ತಿಳಿಯಬೇಕೆಂಬವರು ಹಸಿಮಣ್ಣನ್ನು ತೂಗಿ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತೂಕವು ಇನ್ನಿಳಿಯದವರೆಗೆ ಬಿಸಿಮಾಡಿ ಪುನಃ ತೂಗಬೇಕು. ಹಸಿಮಣ್ಣು 120 ಗ್ರಾಂ ಇದ್ದುದು ಒಣಗಿ 100 ಗ್ರಾಂ ಆದರೆ ತೇವವು ಶೇಕಡಾ 20. ಧಾರವಾಡದ ಕೃಷಿ ಕಾಲೇಜು 1947ರಲ್ಲಿ ಸ್ಥಾಪಿತವಾಗಿ 1986ರಿಂದ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಮಣ್ಣಿನ ಬಗೆಯನ್ನೂ ಕ್ಷಾರವನ್ನೂ ಪರೀಕ್ಷಿಸಿಕೊಳ್ಳಲು ಇಷ್ಟು ಸಮೀಪದಲ್ಲಿ ಅನುಕೂಲವುಳ್ಳ ಸೀಮೆಗಳು ಹೆಚ್ಚಿಲ್ಲ; ಒಂದು ಚೀಲ ಬೀಜದ ಬೆಲೆಗಿಂತ ಪರೀಕ್ಷೆಯ ವೆಚ್ಚ ಕಡಿಮೆ.

ಅಶ್ವಗಂಧ ಅಥವಾ ಹಿರೇಮದ್ದು

ಈ ಸೀಮೆಯ ಒಣಹೊಲಗಳಿಗೆ ಹೊಂದತಕ್ಕ ಮೂಲಿಕೆಗಳಲ್ಲಿ ಹಿರೇಮದ್ದು ಮುಖ್ಯವಾದುದು. ಬದುಗಳಲ್ಲಿಯೂ ಪಾಳುಗೋಡೆಗಳ ಬದಿಯಲ್ಲಿಯೂ ತಾನಾಗಿ ಹುಟ್ಟುವ ಹಿರೇಮದ್ದನ್ನು ಹಳ್ಳಿಗರೆಲ್ಲರೂ ಬಲ್ಲರು. ಆದರೆ ಬದುವಿನ ಗಿಡದ ಬೀಜವನ್ನು ತಂದು ಬಿತ್ತಬಾರದು. ತಾನಾಗಿ ಬೆಳೆಯುವ ಜಾತಿಯ ಬೇರು ಕಟ್ಟಿಗೆಯಂಥದು. ಸಾಗುವಳಿಯ ಜಾತಿಯ ಬೇರು ದಪ್ಪವಾಗಿ, ಒಳಗೆ ಹಿಟ್ಟು ತುಂಬಿ ಬೆಳ್ಳಗಿರುವುದು. ಪೇಟೆಯಲ್ಲಿ ‘ನಾಗೋರಿ’ ಎಂದು ಕರೆಯುವ ಹೆಸರು ರಾಜಸ್ಥಾನದ ನಾಗೌರಿನಿಂದ ಬಂದುದು. ಮಧ್ಯಪ್ರದೇಶದ ಮಂದಸೌರ, ನೀಮಚ್ ಜಿಲ್ಲೆಗಳಲ್ಲಿ ಈ ಪೈರಿನ ಸಾಗುವಳಿ ಹೆಚ್ಚು. ಇವೆಲ್ಲವೂ ಮಳೆ ಕಡಿಮೆಯಾದ ಪ್ರದೇಶಗಳೆಂಬುದನ್ನು ನೆನಪಿಡುವುದು ಲೇಸು. ಜವಾಹರ್ ಅಸಗಂಧ್-20, ಪೋಷಿತಾ, ರಕ್ಷಿತಾ ಎಂಬವು ಸಾಗುವಳಿಗಾಗಿ ಬಿಡುಗಡೆಯಾದ ತಳಿಗಳು. ಕಡೆಯ ಎರಡನ್ನು ಹೊರತಂದುದು ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ.

ಇದಕ್ಕೆ ಮಸಾರಿಯೇ ಯೋಗ್ಯ. ನೀರು ಬಸಿಯುವ, ಸ್ವಲ್ಪ ಕ್ಷಾರದ ಕಡೆಗೆ ವಾಲಿದ ಹಗುರಮಣ್ಣು ಉತ್ತಮ. ವರ್ಷಕ್ಕೆ 24ರಿಂದ 30 ಅಂಗುಲ ಮಳೆ ಸಾಕು. ಅದಕ್ಕಿಂತ ಅತಿ ಹೆಚ್ಚು ಮಳೆಯಾಗುವ ಕಲಘಟಗಿಯ ಪಶ್ಚಿಮ ಅಂಚಿನಲ್ಲಿ ಇದನ್ನು ಬೆಳೆಯಲು ಹೋಗದಿರುವುದೇ ಮೇಲು.

ಬಿತ್ತನೆಯ ಕಾಲವನ್ನು ಆರಿಸುವುದರಲ್ಲಿಯೇ ಹದದ ಅರ್ಧ ಕೆಲಸ ಮುಗಿಯುವುದು. ಮಿರಗದ ಮಳೆಗೆ ಬಿತ್ತಿದ ಪೈರು ಆರಿದ್ರಾ, ಪುನರ್ವಸು ಮಳೆಗಳ ಜಡಿಯಲ್ಲಿ ಸಿಕ್ಕಿ ಸಸಿ ಇರುವಾಗಲೇ ಕೊಳೆಯುವುದು. ಪುಷ್ಯದ ಕೊನೆಯಿಂದ ಆಶ್ಲೇಷದ ಮಳೆಯವರೆಗೆ, ಎಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಬಿರುಸುಮಳೆ ತಗ್ಗಿ ಭೂಮಿಯು ಹದಕ್ಕೆ ಬಂದಾಗ ಬಿತ್ತತಕ್ಕದ್ದು. ಎಕರೆಗೆ 4ರಿಂದ 5 ಕಿಲೋ ಬೀಜ ಸಾಕು. ಬೀಜವು ಸಣ್ಣದಾದುದರಿಂದ ಮರಳು ಬೆರೆಸಿ ಅರ್ಧ ಅಂಗುಲಕ್ಕಿಂತ ಆಳವಾಗದಂತೆ ಸಾಲಿನಲ್ಲಿ ಬಿತ್ತಬೇಕು. ಅಷ್ಟು ಮೇಲಿರುವ ಬೀಜವು ಮೊದಲ ಹತ್ತು ದಿನ ಮೇಲ್ಮಣ್ಣಿನ ತೇವವನ್ನೇ ನಂಬಿರುವುದು. ಆ ದಿನಗಳಲ್ಲಿ ಬಿಸಿಲು ಹೊಡೆದು ಮಸಾರಿಯು ಹೆಪ್ಪುಗಟ್ಟಿದರೆ ಮೊಳಕೆ ಮೇಲೆ ಬಾರದು. ಹೆಪ್ಪನ್ನು ಮುಳ್ಳುಕೊರಡಿನಿಂದ ಹಗುರವಾಗಿ ಒಡೆಯಬಹುದು. ತಿಂಗಳೊಳಗೆ ಒತ್ತಾದ ಸಸಿಗಳನ್ನು ಕಿತ್ತು ತೆಳುವು ಮಾಡದಿದ್ದರೆ ಗಿಡಗಳು ಒಂದರ ತೇವವನ್ನು ಇನ್ನೊಂದು ಕದ್ದು ಎಲ್ಲ ಬೇರುಗಳೂ ಸಣ್ಣಗಾಗುವುವು.

ಮಘಾ, ಹುಬ್ಬಾ, ಉತ್ತರಾ ಮಳೆಗಳು ಸಾಧಾರಣವಾಗಿ ಬಂದರೆ ನೀರು ಹಾಯಿಸುವ ಅಗತ್ಯವೇ ಇಲ್ಲ. ಮಳೆ ತಪ್ಪಿದ ವರ್ಷ ಬಿತ್ತಿದ 30–35 ದಿನಕ್ಕೊಮ್ಮೆ, 60–70 ದಿನಕ್ಕೊಮ್ಮೆ, ಹೀಗೆ ಎರಡು ತೆಳುನೀರು ಕೊಟ್ಟರೆ ಪೈರು ಕೈಬಿಡದು. ಕೃಷಿಹೊಂಡವುಳ್ಳವರಿಗೆ ಇದು ಕಷ್ಟವಲ್ಲ. ಚಿತ್ತಾ, ಸ್ವಾತಿ ಮಳೆಗಳು ಒಂದೆರಡು ಹನಿದರೆ ಬೇರು ದಪ್ಪವಾಗಲು ಬಹಳ ಸಹಾಯ. ಎರಡು ಸಾಲುಗಳ ನಡುವೆ ಎಡೆಕುಂಟೆಯನ್ನು ಹೊಡೆಯುವುದು ಕಳೆಗಾಗಿ ಮಾತ್ರವಲ್ಲ. ಸಡಿಲವಾದ ಮೇಲ್ಮಣ್ಣು ಕೆಳಗಿನ ತೇವಕ್ಕೆ ಮುಚ್ಚಳವಾಗುವುದು. ಡಿಸೆಂಬರಿನ ನಂತರ ನೀರು ಕೊಡಲೇಬಾರದು. ಆಗ ನೀರು ಕಂಡ ಗಿಡವು ಹೊಸ ಚಿಗುರಿಗೆ ಬೇರಿನ ಹಿಟ್ಟನ್ನು ವೆಚ್ಚಮಾಡುವುದು, ಕೀಳುವ ಕಾಲವೂ ಮುಂದಕ್ಕೆ ಹೋಗುವುದು, ಬೇರು ನಾರಾಗುವುದು.

ಎರೆಭೂಮಿ ಮಾತ್ರವೇ ಇದ್ದು ಅಲ್ಲಿಯೇ ಬೆಳೆಯಬೇಕೆಂಬವರು ಸಮತಟ್ಟಾಗಿ ಬಿತ್ತದೆ ಏರುಮಡಿಗಳನ್ನು ಮಾಡಬೇಕು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ಎರೆಭೂಮಿಗಾಗಿ ರೂಢಿಗೆ ತಂದ ಅಗಲಮಡಿಯ ಕ್ರಮದಲ್ಲಿ ಮಡಿಯು ಸುಮಾರು ಒಂದು ಮೀಟರು ಅಗಲ, ಪಕ್ಕದ ಕಾಲುವೆಯು ಅರ್ಧ ಮೀಟರು ಅಗಲ. ಕಾಲುವೆಯು ಇಳಿಜಾರಿನ ಕಡೆಗೆ ಅತ್ಯಲ್ಪ ವಾಟವಾಗಿ ಹರಿಯುವುದು. ಇಷ್ಟಾದರೂ ಎರೆಯ ಬೇರಿಗೆ ಎರಡು ಕುಂದುಗಳು ಉಳಿಯುವುವು: ಮಣ್ಣು ಬಿರಿಯುವಾಗ ಬೇರು ಹರಿಯುವುದು, ಒಣಗಿದ ಎರೆಯು ಬೇರನ್ನು ಕಚ್ಚಿಹಿಡಿದು ಕೀಳುವಾಗ ಅರ್ಧಕ್ಕೆ ಮುರಿಯುವುದು. ಎರೆಯವರಿಗೆ ಕಡಲೆಯೇ ಲಾಭವೆಂದು ಹೇಳಿದರೆ ತಪ್ಪಾಗಲಾರದು. ಮಲಪ್ರಭಾ ಕಾಲುವೆಯ ಕೆಳಗೆ ಸವಳು–ಜವಳು ಹಿಡಿದ ಹೊಲಗಳಲ್ಲಂತೂ ಈ ಪೈರಿನ ಯೋಚನೆಯನ್ನೇ ಮಾಡಬಾರದು.

ಬಿತ್ತಿದ 150ರಿಂದ 180 ದಿನಗಳಲ್ಲಿ, ಎಲೆಗಳು ಒಣಗಿ ಹಣ್ಣುಗಳು ಕೆಂಪಾದಾಗ, ಗಿಡವನ್ನು ಬೇರುಸಹಿತ ಕೀಳಬೇಕು. ಮಣ್ಣು ಕಲ್ಲಿನಂತಾಗಿದ್ದರೆ ಕೀಳುವ ಮುನ್ನ ಒಂದು ತೆಳುನೀರು ಹಾಯಿಸಿ ಸಡಿಲಿಸಿಕೊಳ್ಳುವುದುಂಟು. ಮುನ್ನ ಹೇಳಿದ ನಿಷೇಧವು ಇದಕ್ಕೆ ಅನ್ವಯಿಸದು, ಏಕೆಂದರೆ ಗಿಡವು ಚಿಗುರುವಷ್ಟು ಅವಕಾಶವಿಲ್ಲದೆ ಎರಡು ಮೂರು ದಿನದೊಳಗೆ ಕೀಳಲಾಗುವುದು. ಎಕರೆಗೆ ಒಣಬೇರು 120ರಿಂದ 200 ಕಿಲೋ ಬರುವುದು ಸಾಧಾರಣ ಫಲ. ಭಾರತದ ಬೇರಿನಲ್ಲಿ ಒಟ್ಟು ಆಲ್ಕಲಾಯಿಡ್ ಅಂಶವು ಶೇಕಡಾ 0.13ರಿಂದ 0.31ರವರೆಗೆ ಎಂದು ಗಣನೆ. ಹೆಚ್ಚುಕಡಿಮೆ ಎರಡರಷ್ಟು ವ್ಯತ್ಯಾಸವಿರುವುದನ್ನು ಗಮನಿಸಬೇಕು. ವಿಥನೊಲೈಡ್ ಎಂಬ ಇನ್ನೊಂದು ಗುಂಪಿನ ಪದಾರ್ಥಗಳನ್ನೂ ಈಗ ಕಾರ್ಖಾನೆಯವರು ಅಳೆಯಿಸಿ ಕೊಳ್ಳುವರು.

ತೇವವನ್ನೇ ಬಯಸುವ ಮೂಲಿಕೆಗಳು

ಎಲ್ಲ ಮೂಲಿಕೆಗಳೂ ಒಣಭೂಮಿಯವೆಂದು ತಿಳಿಯಬಾರದು. ಬಜೆಯು ಇದಕ್ಕೆ ನೇರ ವಿರುದ್ಧ. ತುಮಕೂರು ಜಿಲ್ಲೆಯ ಕೊರಟಗೆರೆಯ ಕಡೆ ಇದನ್ನು ಭತ್ತದ ಗದ್ದೆಯಂತೆಯೇ ಕೆಸರು ಮಾಡಿ, ನೀರು ನಿಲ್ಲಿಸಿ ಬೆಳೆಯುವರು. ಅಲ್ಲಿ ತೇವ ತಪ್ಪಿದರೆ ಗಡ್ಡೆಯು ಸಣಕಲಾಗುವುದು. ಕೆರೆಯ ಕೆಳಗಿನ ಜೌಗುನೆಲವುಳ್ಳ ಕಲಘಟಗಿಯ ಕಡೆಯವರು ಇದನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಬಹುದು. ಒಂದೆಲಗವೂ ತಂಪುನೆಲದ್ದು, ಎಲೆಯೇ ಇದರ ಸರಕಾದುದರಿಂದ ಬಾಡಿದರೆ ನಷ್ಟ.

ಮಾಕಂದಿ ಬೇರು ನಡುವಣ ಸ್ವಭಾವದ್ದು. ನೆಟ್ಟ ಮೊದಲ ವಾರಗಳಲ್ಲಿ ನೀರು ಬೇಕು, ಬೇರು ಊದಿದ ಮೇಲೆ ಹೆಚ್ಚು ನೀರು ಸಲ್ಲದು. ನಿಂತ ನೀರಿನಲ್ಲಿ ಸೊರಗುರೋಗವು ಸಾಲುಸಾಲಾಗಿ ಹಬ್ಬುವುದು. ಲೋಳೆಸರವು ಬರವನ್ನು ತಾಳಬಲ್ಲದು, ಆದರೆ ಅದರ ಎಲೆಯ ತೂಕದಲ್ಲಿ ಬಹುಪಾಲು ನೀರೇ ಆದುದರಿಂದ ಒಣಗಿದಾಗ ಲೋಳೆಯು ಕಡಿಮೆಯಾಗುವುದು. ಸೋನಾಮುಖಿಯು ಮಸಾರಿಗೂ ಮೊರಡಿಗೂ ಹೊಂದುವುದು. ನೀರು ನಿಂತರೆ ಮಾತ್ರ ಉಳಿಯದು.

ಊರ ಮುಖಂಡರು ನೋಡತಕ್ಕ ಕೆಲಸ

ಮೇಲಿನ ಹೊಲದವನು ಬಸಿಗಾಲುವೆ ತೆಗೆದರೆ ಆ ನೀರು ಕೆಳಗಿನ ಹೊಲದವನ ಮೇಲೆ ಬೀಳುವುದು. ಮೂಲಿಕೆಯ ಪೈರಿರುವ ಹೊಲದಲ್ಲಿ ಎರಡು ದಿನ ನೀರು ನಿಂತರೂ ಬೆಳೆ ಹೋಗುವುದರಿಂದ ಬದುವಿನ ವ್ಯಾಜ್ಯಗಳು ಏಳುವುವು. ಆದಕಾರಣ ಮಳೆಗಾಲಕ್ಕೆ ಮುಂಚೆಯೇ ಹಿರಿಯರು ಕೂಡಿ, ಯಾವ ಹೊಲದ ನೀರು ಯಾವ ಹಳ್ಳಕ್ಕೆ ಹೋಗಬೇಕೆಂಬುದನ್ನು ಸ್ಥಳದಲ್ಲಿಯೇ ನಿಂತು ಗೊತ್ತುಮಾಡಿ, ಹೂಳು ತುಂಬಿದ ಹಳೆಯ ಕಾಲುವೆಗಳನ್ನು ತೋಡಿಸತಕ್ಕದ್ದು. ಹೊಸದಾಗಿ ಬೆಳೆಯುವವರು ಮೊದಲ ವರ್ಷ 10 ಗುಂಟೆಗೆ ಮೀರದಂತೆ, ಕೊಳ್ಳುವವರನ್ನು ಮುಂಗಡವಾಗಿ ಗೊತ್ತುಮಾಡಿಕೊಂಡು ಬಿತ್ತುವಂತೆ ಇವರು ಬುದ್ಧಿ ಹೇಳಿದರೆ ಸಾಲದ ಹೊರೆಯು ತಪ್ಪುವುದು.

ಬೇರನ್ನು ಒಣಗಿಸುವುದು

ಹೊಲದ ತೇವದ ಬಳಿಕ ಬೇರಿನ ತೇವ. ಕಿತ್ತ ಬೇರನ್ನು ಕಾಂಡದಿಂದ ಬೇರ್ಪಡಿಸಿ, ಮಣ್ಣು ಕೊಡವಿ, 3–4 ಅಂಗುಲದ ತುಂಡುಗಳಾಗಿ ಕತ್ತರಿಸಿ, ಸ್ವಚ್ಛವಾದ ಕಣದಲ್ಲಿ ಅಥವಾ ತಾಡಪತ್ರಿಯ ಮೇಲೆ ತೆಳುವಾಗಿ ಹರವಬೇಕು. ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಬೇಕು. ತೇವವು ಶೇಕಡಾ 10–12ಕ್ಕೆ ಇಳಿಯುವವರೆಗೆ ಚೀಲಕ್ಕೆ ತುಂಬಬಾರದು. ಬೇರು ಬಳುಕದೆ ಪಟ್ಟನೆ ಮುರಿದು, ಮುರಿದ ಕಡೆ ಹಿಟ್ಟಿನಂತೆ ಬೆಳ್ಳಗಿದ್ದರೆ ಒಣಗಿದೆಯೆಂದು ತಿಳಿಯಬಹುದು. ಸುಮಾರು 3 ಅಂಗುಲ ಉದ್ದ, ಬೆರಳಿನಷ್ಟು ದಪ್ಪವಿರುವ ಬಿಳಿಯ ಬೇರು ಮೊದಲ ದರ್ಜೆಯದು. ಸಣ್ಣವು, ಒಳಗೆ ಹಳದಿಯಾದವು ಕೆಳದರ್ಜೆಯವು. ಇವೆರಡನ್ನೂ ಬೆರೆಸಿ ಮಾರಿದರೆ ಇಡೀ ರಾಶಿಗೆ ಕೆಳದರ್ಜೆಯ ಬೆಲೆಯೇ ಕಟ್ಟಲ್ಪಡುವುದು. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರಕ್ಕೆ ಇಡತಕ್ಕದ್ದು. ಮಳೆಗಾಲದೊಳಗೆ ಮಾರಾಟವಾಗದೆ ಉಳಿದ ಬೇರನ್ನು ಬಿಸಿಲು ಕಂಡ ದಿನ ಪುನಃ ಒಣಹಾಕಿ ಬೂಷ್ಟನ್ನು ಪರೀಕ್ಷಿಸಬೇಕು. ಬೂಷ್ಟು ಹಿಡಿದ ತುಂಡುಗಳನ್ನು ಆರಿಸಿ ಸುಟ್ಟುಬಿಡಬೇಕು.